ಕಪ್ಪು ತೆನೆಗೆ ಕೈ ಹಾಕುವ ಮುನ್ನ

ತಮ್ಮಾ, ಕಾಡಿಗೆ ರೋಗ ಹತ್ತಿದ ಮೆಕ್ಕೆಜೋಳವನ್ನು ಮೆಕ್ಸಿಕೋ ದೇಶದವರು ಚಪ್ಪರಿಸಿ ತಿನ್ನುತ್ತಾರಂತೆ, ಅದರಲ್ಲಿ ಸಾದಾ ಕಾಳಿಗಿಂತ ಹೆಚ್ಚು ಸತ್ವ ಇದೆಯಂತೆ, ಹಾಗಿದ್ದರೆ ನಮ್ಮ ಬೋನಾಳದ ಹೊಲಗಳಲ್ಲಿ ಕಿತ್ತು ಬದುವಿಗೆ ಎಸೆಯುವ ಕಪ್ಪು ತೆನೆಯನ್ನು ನಾವ್ಯಾಕೆ ತಿನ್ನಬಾರದು ಎಂದು ಕೇಳಿದ್ದೀಯ. ಮೊಬೈಲಿನಲ್ಲಿ ಕಂಡದ್ದನ್ನೆಲ್ಲ ನಂಬಬೇಡ ಎಂದು ಒಂದೇ ಮಾತಿನಲ್ಲಿ ನಿನ್ನನ್ನು ಸಾಗಹಾಕಬಹುದಿತ್ತು. ಆದರೆ ನೀನು ನೋಡಿದ್ದು ಸುಳ್ಳಲ್ಲ. ಪೂರ್ತಿ ಸುಳ್ಳಾದ ಮಾತು ನಾಲ್ಕು ದಿನದಲ್ಲಿ ತಾನೇ ಬಿದ್ದುಹೋಗುತ್ತದೆ; ಅರ್ಧ ನಿಜವಾದ ಮಾತು ಮಾತ್ರ ಅಡುಗೆಮನೆಯ ತನಕ ಬರುತ್ತದೆ. ಅದಕ್ಕೇ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಕೇಳು.

ಮೆಕ್ಸಿಕೋದಲ್ಲಿ ಅದರ ಹೆಸರು ವಿಟ್ಲಾಕೋಚೆ. ಉಸ್ಟಿಲಾಗೊ ಮೇಡಿಸ್ ಎಂಬ ಶಿಲೀಂಧ್ರ ಮೆಕ್ಕೆಜೋಳದ ಎಳೆ ತೆನೆಯೊಳಗೆ ಹೊಕ್ಕು ಕಾಳುಗಳನ್ನು ಉಬ್ಬಿಸುತ್ತದೆ. ಸಾಲಾಗಿ ಕೂತಿರಬೇಕಾದ ಕಾಳು ಅಡ್ಡಾದಿಡ್ಡಿ ಊದಿಕೊಂಡು, ಹೊರಗೆ ಬೂದುಬಣ್ಣದ ತೆಳು ಸಿಪ್ಪೆ, ಒಳಗೆ ಕರಿ ತಿರುಳು ತುಂಬಿದ ಗಂಟುಗಳಾಗುತ್ತವೆ. ಆ ಗಂಟು ಇನ್ನೂ ಮೆತ್ತಗೆ, ರಸವಾಗಿ ಇರುವಾಗಲೇ ಕೊಯ್ದು, ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಕಾಯಿ ಹಾಕಿ ಬಾಡಿಸಿ, ಮೆಕ್ಕೆಜೋಳದ ರೊಟ್ಟಿಯೊಳಗೆ ಮಡಚಿ ತಿನ್ನುತ್ತಾರೆ. ಮಳೆಗಾಲದ ಸಂತೆಗಳಲ್ಲಿ ಅದು ಒಳ್ಳೆಯ ಬೆಲೆಗೆ ಹೋಗುತ್ತದೆ. ಪಕ್ಕದ ಅಮೆರಿಕದ ರೈತರು ಇದೇ ರೋಗ ತೊಲಗಲಿ ಎಂದು ದುಡ್ಡು ಸುರಿಯುತ್ತಿದ್ದಾಗ, 1989ರಲ್ಲಿ ನ್ಯೂಯಾರ್ಕಿನ ಜೇಮ್ಸ್ ಬಿಯರ್ಡ್ ಹೌಸಿನಲ್ಲಿ ಇದರದ್ದೇ ಒಂದು ಔತಣ ನಡೆಯಿತು. ಈಗ ಅದನ್ನು ಬೇಕೆಂದೇ ಬೆಳೆಯುವವರಿದ್ದಾರೆ. ತೆನೆಗೆ ಕೂದಲು ಮೂಡುವ ಹೊತ್ತಿಗೆ ಸಿರಿಂಜಿನಿಂದ ಶಿಲೀಂಧ್ರವನ್ನು ಒಳಗೆ ಬಿಟ್ಟು, ಎರಡೂವರೆ ವಾರದ ಆಸುಪಾಸಿನಲ್ಲಿ ಕೊಯ್ಲು ಮಾಡುತ್ತಾರೆ. ತಡವಾದರೆ ತಿರುಳು ಒಣಗಿ ಕರಿ ಪುಡಿಯಾಗುತ್ತದೆ; ಪುಡಿಯಾದದ್ದನ್ನು ಅಲ್ಲಿಯೂ ಕೊಳ್ಳುವುದಿಲ್ಲ.

ಅದರಲ್ಲಿ ಸತ್ವ ಇರುವುದೂ ಹೌದು. ಮೆಕ್ಕೆಜೋಳದ ಕಾಳಿನಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ನಮ್ಮ ಬಿಳಿಜೋಳದಲ್ಲೂ ಅದೇ ಕೊರತೆ. ಮೈ ಬೆಳೆಯಲು, ಗಾಯ ಮಾಯಲು, ಸ್ನಾಯು ಕಟ್ಟಲು ಲೈಸಿನ್ ಬೇಕು. ನಮ್ಮ ದೇಹ ಅದನ್ನು ತಾನಾಗಿ ತಯಾರಿಸಿಕೊಳ್ಳಲಾರದು, ಊಟದಿಂದಲೇ ಬರಬೇಕು. ಶಿಲೀಂಧ್ರ ಮಾತ್ರ ತನಗೆ ಬೇಕಾದ ಲೈಸಿನನ್ನು ತಾನೇ ತಯಾರಿಸಿಕೊಳ್ಳುತ್ತದೆ. ಹಾಗಾಗಿ ಕಾಳಿನ ಪಿಷ್ಟವನ್ನು ತಿಂದು ಬೆಳೆದ ಆ ಗಂಟಿನಲ್ಲಿ ಕಾಳಿಗಿಂತ ಹೆಚ್ಚು ಲೈಸಿನ್ ಸಿಗುತ್ತದೆ. ಅದರ ಜೊತೆಗೆ ನಾರಿನಂಶ, ಅಣಬೆಗಳಲ್ಲಿ ಇರುವಂಥ ಬೀಟಾ ಗ್ಲೂಕಾನ್, ಒಳ್ಳೆಯ ಜಾತಿಯ ಕೊಬ್ಬಿನ ಆಮ್ಲಗಳು, ಫೆರುಲಿಕ್ ಆಮ್ಲದಂಥ ಉತ್ಕರ್ಷಣ ನಿರೋಧಕಗಳು ಇವೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುತ್ತೇವೆ. ಕಪ್ಪಗಿರುವುದೆಲ್ಲ ಕೊಳೆತದ್ದಲ್ಲ ಎಂಬುದನ್ನೂ ಒಪ್ಪಬೇಕು.

ಅಷ್ಟು ದೂರ ಹೋಗುವುದೂ ಬೇಡ, ನಮ್ಮ ದೇಶದಲ್ಲೇ ಇಂಥದ್ದು ಇದೆ. ಮಣಿಪುರದ ಲೋಕ್ತಾಕ್ ಸರೋವರದ ಹೆಸರು ಕೇಳಿರುತ್ತೀಯ. ನೀರಿನ ಮೇಲೆ ತೇಲುವ ಹುಲ್ಲಿನ ಹಾಸುಗಳಿವೆಯಲ್ಲ, ಅದೇ ಸರೋವರ. ಅಲ್ಲಿ ಜಿಜೇನಿಯಾ ಲ್ಯಾಟಿಫೋಲಿಯಾ ಎಂಬ ಎತ್ತರದ ನೀರುಹುಲ್ಲು ಬೆಳೆಯುತ್ತದೆ. ಅಲ್ಲಿನ ಕೈಬುಲ್ ಲಮ್ಜಾವೊ ರಾಷ್ಟ್ರೀಯ ಉದ್ಯಾನದ ಸಂಗಾಯಿ ಜಿಂಕೆಗೂ ಅದು ಮೇವು. ಆ ಹುಲ್ಲಿಗೆ ಉಸ್ಟಿಲಾಗೊ ಎಸ್ಕುಲೆಂಟಾ ಎಂಬ ಕಾಡಿಗೆ ಜಾತಿಯ ಶಿಲೀಂಧ್ರ ಹತ್ತಿದರೆ ಗಿಡ ಹೂ ಬಿಡುವುದನ್ನು ಮರೆಯುತ್ತದೆ, ಬುಡದ ಕಾಂಡ ದಪ್ಪಗೆ, ಬೆಳ್ಳಗೆ ಊದಿಕೊಳ್ಳುತ್ತದೆ. ಶಿಲೀಂಧ್ರ ಸುರಿಸುವ ಬೆಳವಣಿಗೆಯ ಹಾರ್ಮೋನುಗಳ ಕೆಲಸ ಅದು. ಮಣಿಪುರದವರು ಅದನ್ನು ಇಶಿಂಗ್ ಕಂಬೋಂಗ್ ಎಂದು ಕರೆದು, ಹಸಿಯಾಗಿಯೇ ಹೆಚ್ಚಿ ಸಿಂಗ್ಜು ಎಂಬ ಕೋಸಂಬರಿಗೆ ಹಾಕುತ್ತಾರೆ, ಎರೊಂಬಾ ಎಂಬ ಖಾರದ ಪಲ್ಯಕ್ಕೂ ಬಳಸುತ್ತಾರೆ. ಸಿಪ್ಪೆ ಸುಲಿದಾಗ ಎಳೆ ಕಬ್ಬಿನ ತುಂಡಿನಷ್ಟು ಬೆಳ್ಳಗೆ ಕಾಣುವ ಆ ಕಾಂಡವನ್ನು ನೋಡಿದರೆ ಇದು ರೋಗ ಹತ್ತಿದ ಗಿಡ ಎಂದು ಯಾರೂ ಅನ್ನಲಾರರು.

ಚೀನಾದಲ್ಲಿ ಇದೇ ಗಿಡವನ್ನು ಹಿಂದೆ ಕಾಳಿಗಾಗಿ ಬೆಳೆಯುತ್ತಿದ್ದರು. ಶಿಲೀಂಧ್ರ ಹತ್ತಿದ ಗಿಡ ಕಾಳು ಕೊಡುವುದಿಲ್ಲ, ಆದರೆ ಕಾಂಡ ರುಚಿ ಎಂದು ಕಂಡುಕೊಂಡ ಮೇಲೆ ಜನ ಕಾಳಿನ ಆಸೆ ಬಿಟ್ಟು ಕಾಂಡವನ್ನೇ ಹಿಡಿದರು. ಇವತ್ತು ಜಿಯಾವ್‌ಬಾಯ್ ಎಂಬ ಹೆಸರಿನಲ್ಲಿ ಅದು ಅಲ್ಲಿನ ದೊಡ್ಡ ನೀರು ತರಕಾರಿಗಳಲ್ಲಿ ಒಂದು. ಬೀಜ ಇಲ್ಲದ ಕಾರಣ ಬುಡದ ಮೋಸುಗಳನ್ನು ಕಿತ್ತು ನೆಟ್ಟೇ ಬೆಳೆಯಬೇಕು. ಗಿಡದ ಜೊತೆಗೆ ಶಿಲೀಂಧ್ರವೂ ಮುಂದಿನ ತಲೆಮಾರಿಗೆ ಹಾಗೇ ದಾಟುತ್ತದೆ. ಜಪಾನಿನಲ್ಲಿ ಅದಕ್ಕೆ ಮಾಕೊಮೊತಾಕೆ ಎನ್ನುತ್ತಾರೆ. 2006ರಲ್ಲಿ ಅಲ್ಲಿನ ಸಂಶೋಧಕರು ಈ ಊದಿದ ಕಾಂಡದಿಂದ ಕೆಲವು ರಾಸಾಯನಿಕಗಳನ್ನು ಬೇರ್ಪಡಿಸಿದರು. ಮೂಳೆಯನ್ನು ಸವೆಸುವ ಜೀವಕೋಶಗಳು ಹುಟ್ಟುವುದನ್ನು ಅವು ಪ್ರಯೋಗಶಾಲೆಯಲ್ಲಿ ತಡೆದವು. ವಯಸ್ಸಾದ ಹೆಂಗಸರ ಮೂಳೆ ಟೊಳ್ಳಾಗುವ ಕಾಯಿಲೆಗೆ ಮುಂದೊಂದು ದಿನ ಇದರಿಂದ ಉಪಯೋಗ ಆದೀತೇ ಎಂಬ ಕುತೂಹಲ ಹುಟ್ಟಿದ್ದು ಹೀಗೆ.

ಪ್ರಯೋಗಶಾಲೆ ಎಂದೆನಲ್ಲ, ಆ ಮಾತನ್ನು ಗಟ್ಟಿಯಾಗಿ ಹಿಡಿದುಕೋ. ಗಾಜಿನ ತಟ್ಟೆಯ ಮೇಲಿನ ಜೀವಕೋಶಕ್ಕೆ ಶುದ್ಧ ಮಾಡಿದ ಒಂದು ರಾಸಾಯನಿಕ ಹಾಕಿ ನೋಡುವುದು ಬೇರೆ. ನಮ್ಮಜ್ಜಿ ಆ ಕಾಂಡದ ಪಲ್ಯ ತಿಂದು ಮೂಳೆ ಗಟ್ಟಿ ಮಾಡಿಕೊಳ್ಳುವುದು ಬೇರೆ. ನಡುವೆ ಇಲಿಯ ಪರೀಕ್ಷೆ, ಮನುಷ್ಯರ ಪರೀಕ್ಷೆ, ಎಷ್ಟು ತಿನ್ನಬೇಕು, ಯಾರು ತಿನ್ನಬಾರದು ಎಂಬ ಲೆಕ್ಕ, ಇಷ್ಟೆಲ್ಲ ದಾಟಬೇಕು. ಪತ್ರಿಕೆಯಲ್ಲಾಗಲಿ ಮೊಬೈಲಿನಲ್ಲಾಗಲಿ 'ಆರೋಗ್ಯಕ್ಕೆ ಒಳ್ಳೆಯದು' ಎಂದು ಕಂಡ ಕೂಡಲೇ ನೀನು ಕೇಳಬೇಕಾದ್ದು ಒಂದೇ: ಇದು ಗಾಜಿನ ತಟ್ಟೆಯ ಸುದ್ದಿಯೋ, ಇಲಿಯ ಸುದ್ದಿಯೋ, ಮನುಷ್ಯರ ಸುದ್ದಿಯೋ? ಮೆಕ್ಸಿಕೋದ ತೆನೆ, ಮಣಿಪುರದ ಕಾಂಡ ಒಳ್ಳೆಯ ತರಕಾರಿಗಳು. ಔಷಧಿ ಎಂದು ಹೇಳುವಷ್ಟು ದೂರಕ್ಕೆ ವಿಜ್ಞಾನ ಇನ್ನೂ ಹೋಗಿಲ್ಲ, ನೀನೂ ಹೋಗಬೇಡ.

ಆ ನೀರುಹುಲ್ಲಿನ ಶಿಲೀಂಧ್ರಕ್ಕೂ ಒಂದು ಕೆಟ್ಟ ಮುಖ ಇದೆ. ಕಾಂಡವನ್ನು ಕೊಯ್ಯದೆ ಬಿಟ್ಟರೆ ಒಳಗೆಲ್ಲ ಕರಿ ಬೀಜಕಣ ತುಂಬುತ್ತದೆ. ಹಿಂದಿನ ಕಾಲದಲ್ಲಿ ಜಪಾನಿನ ಹೆಂಗಸರು ಆ ಕರಿ ಪುಡಿಯಿಂದ ಹುಬ್ಬು ತೀಡಿಕೊಳ್ಳುತ್ತಿದ್ದರು. ಕಾಮಾಕುರಾ ಎಂಬಲ್ಲಿನ ಮರಗೆತ್ತನೆಯವರು ಅರಗು ಬಳಿದ ಸಾಮಾನಿಗೆ ಹಳೆಯ ಬಣ್ಣ ಬರಲೆಂದು ಅದನ್ನೇ ಉಜ್ಜುತ್ತಾರೆ. ಆ ಪುಡಿಯನ್ನು ವರ್ಷಗಟ್ಟಲೆ ಉಸಿರಾಡಿದ ಕೆಲಸಗಾರರಲ್ಲಿ ಶ್ವಾಸಕೋಶದ ಅಲರ್ಜಿ ಕಾಯಿಲೆ ಕಾಣಿಸಿಕೊಂಡದ್ದು ವೈದ್ಯರ ದಾಖಲೆಯಲ್ಲಿದೆ. ನಾವು ಹುಡುಗರಾಗಿದ್ದಾಗ ಜೋಳದ ಕಾಡಿಗೆ ತೆನೆಯನ್ನು ಕಿತ್ತು ಒಬ್ಬರ ಮುಖಕ್ಕೊಬ್ಬರು ಮೀಸೆ ಬರೆಯುತ್ತಿದ್ದೆವು, ಮನೆಗೆ ಬಂದರೆ ಬೈಗುಳ ಕಾದಿರುತ್ತಿತ್ತು. ಬೈಗುಳ ಸರಿಯಾಗೇ ಇತ್ತು. ಎಳೆಯದಾಗಿ ತರಕಾರಿಯಾದದ್ದೇ ಬಲಿತ ಮೇಲೆ ಎದೆಗೆ ಧೂಳು.

ಇನ್ನು ನಮ್ಮ ನೆಲದ ಮಾತಿಗೆ ಬರುತ್ತೇನೆ. ಬೋನಾಳ ಎಂದರೆ ಹೊರಗಿನವರಿಗೆ ಕೆರೆ, ಹಕ್ಕಿ. ಸುರಪುರದ ನಾಯಕರ ಸೀಮೆಯ ಈ ಕೆರೆಯ ಹೆಸರು, 1841ರಿಂದ 1853ರವರೆಗೆ ಸುರಪುರದಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಸಾಹೇಬರ ಹೆಸರಿನೊಂದಿಗೂ ಸೇರಿಕೊಂಡಿದೆ. ಲೋಕ್ತಾಕಿನ ಸುದ್ದಿ ಕೇಳಿ ನೀನು ಕೆರೆಯಂಚಿನ ಆಪು, ಜೊಂಡು ಕಿತ್ತು ಊದಿದ ಬುಡ ಹುಡುಕಲು ಹೋಗಬೇಡ. ನಮ್ಮ ಕೆರೆಗಳ ಆಪಿನ ಜಾತಿಯೇ ಬೇರೆ, ಅದಕ್ಕೆ ಹತ್ತುವ ಕೊಳೆಯೂ ಬೇರೆ. ಹಕ್ಕಿ ಗೂಡು ಕಟ್ಟುವ, ಮರಿ ಮಾಡುವ ಜಾಗವನ್ನು ಕಲಕುವ ಕೆಲಸವಂತೂ ಬೇಡವೇ ಬೇಡ.

ಹೊಲದಲ್ಲಿ ನೀನು ಕಾಣುವ ಕಪ್ಪು ಒಂದೇ ಬಗೆಯದ್ದಲ್ಲ. ಜೋಳಕ್ಕೇ ನಾಲ್ಕು ತರದ ಕಾಡಿಗೆ ರೋಗ ಇವೆ. ಕಾಳು ಕಾಡಿಗೆಯಲ್ಲಿ ತೆನೆ ದೂರದಿಂದ ಸರಿಯಾಗೇ ಕಾಣುತ್ತದೆ, ಒಂದೊಂದು ಕಾಳಿನ ಜಾಗದಲ್ಲಿ ಕರಿ ಪುಡಿ ತುಂಬಿದ ಬೂದು ಚೀಲ ಇರುತ್ತದೆ. ಬಿಡಿ ಕಾಡಿಗೆಯಲ್ಲಿ ಚೀಲ ಬೇಗ ಒಡೆದು ಪುಡಿ ಹಾರಿಹೋಗುತ್ತದೆ. ಉದ್ದ ಕಾಡಿಗೆಯಲ್ಲಿ ಅಲ್ಲೊಂದು ಇಲ್ಲೊಂದು ಕಾಳು ಕೋಡಿನ ಹಾಗೆ ಉದ್ದಕ್ಕೆ ಚಾಚಿಕೊಳ್ಳುತ್ತದೆ. ತೆನೆ ಕಾಡಿಗೆಯಲ್ಲಿ ಇಡೀ ತೆನೆಯೇ ಬಿಳಿ ಪೊರೆಯ ದೊಡ್ಡ ಗಂಟಾಗಿ, ಪೊರೆ ಹರಿದ ಮೇಲೆ ಕರಿ ಪುಡಿ ಉದುರಿ ನಾರು ಮಾತ್ರ ಉಳಿಯುತ್ತದೆ. ಚೀನಾದ ಈಶಾನ್ಯದ ಹಳ್ಳಿಗಳಲ್ಲಿ ಈ ಕೊನೆಯ ಜಾತಿಯ ಗಂಟನ್ನು ಪೊರೆ ಹರಿಯುವ ಮೊದಲೇ ಮುರಿದು ತಿನ್ನುವ ರೂಢಿ ಇದೆ. ಅಲ್ಲಿ ಯಾವ ಗಂಟು, ಯಾವ ಹದ ಎಂದು ಮಕ್ಕಳಿಗೂ ಗೊತ್ತು. ನಮ್ಮಲ್ಲಿ ಆ ರೂಢಿ ಇಲ್ಲ, ಗುರುತು ಹೇಳಿಕೊಡುವ ಹಿರಿಯರಿಲ್ಲ. ರೂಢಿ ಇಲ್ಲದ ಕಡೆ ಬರೀ ಧೈರ್ಯ ಮಾಡಿ ತಿನ್ನುವುದು ಹುಂಬತನ.

ನೀನು ಕೇಳಿದ್ದು ಮೆಕ್ಕೆಜೋಳದ ಕಪ್ಪು ತೆನೆ. ಮೆಕ್ಸಿಕೋದ ಆ ಕಾಡಿಗೆ ರೋಗ ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಶ್ಮೀರದಂಥ ತಂಪು ಸೀಮೆಯದ್ದು. ನಮ್ಮ ಬಿಸಿಲುನಾಡಿನಲ್ಲಿ ತೆನೆಯ ಸಿಪ್ಪೆ ಬಿಚ್ಚಿದಾಗ ಕಾಣುವ ಹಸಿರು, ಹಳದಿ ಮಿಶ್ರಿತ ಬೂಸ್ಟು, ಕರಿ ಪುಡಿ, ನಸುಗೆಂಪು ಅರಳೆ ಬೇರೆ ಶಿಲೀಂಧ್ರಗಳ ಕೆಲಸ. ಹಸಿರು ಹಳದಿಯ ಬೂಸ್ಟು ಆಸ್ಪರ್ಜಿಲಸ್ ಆಗಿರಬಹುದು. ಅದು ಬಿಡುವ ಅಫ್ಲಾಟಾಕ್ಸಿನ್ ಎಂಬ ವಿಷ ಯಕೃತ್ತನ್ನು ಹಿಡಿಯುತ್ತದೆ. ನಸುಗೆಂಪು ಅರಳೆ ಫ್ಯೂಸೇರಿಯಂ ಆಗಿರಬಹುದು. ಅದರ ವಿಷದ ಹೆಸರು ಫ್ಯುಮೋನಿಸಿನ್. ಇಲ್ಲಿ ಕಾಳು ಗಂಟಾಗಿ ಉಬ್ಬುವುದಿಲ್ಲ, ಕಾಳಿನ ಮೇಲೆ ಬೂಸ್ಟು ಹಬ್ಬುತ್ತದೆ. ಕಾಳು ಉಬ್ಬಿದೆಯೋ, ಕಾಳಿನ ಮೇಲೆ ಹಬ್ಬಿದೆಯೋ ಎಂಬುದು ಮೊದಲ ಗುರುತು. ಆ ಗುರುತು ಸಿಕ್ಕಿತೆಂದು ತಿನ್ನಲು ಪರವಾನಗಿ ಸಿಕ್ಕಂತಲ್ಲ. ಬಿಸಾಡಲು ಕಾರಣ ಸಿಕ್ಕಿತು ಅಷ್ಟೇ.

ಇವು ಪುಸ್ತಕದ ಭಯಗಳಲ್ಲ. 1974ರಲ್ಲಿ ಗುಜರಾತಿನ ಪಂಚಮಹಲ್, ರಾಜಸ್ಥಾನದ ಬಾಂಸವಾಡಾ ಕಡೆಯ ಆದಿವಾಸಿ ಹಳ್ಳಿಗಳಲ್ಲಿ ಮಳೆಗೆ ನೆನೆದು ಬೂಸ್ಟು ಹಿಡಿದ ಮೆಕ್ಕೆಜೋಳ ತಿಂದು ಕಾಮಾಲೆ ಹಬ್ಬಿತು. ನೂರಕ್ಕೂ ಹೆಚ್ಚು ಜನ ಸತ್ತರು. ಅದೇ ಅನ್ನ ತಿಂದ ಮನೆಯ ನಾಯಿಗಳೂ ಉಳಿಯಲಿಲ್ಲ. ಬೇರೆ ಕಾಳು ಇರಲಿಲ್ಲ, ಹಸಿದಿದ್ದರು, ತಿಂದರು. ಇನ್ನೊಂದು ಪ್ರಕರಣ ನಮ್ಮ ದಖ್ಖನ್ ಸೀಮೆಯದ್ದೇ. 1995ರಲ್ಲಿ ಅಕಾಲ ಮಳೆಗೆ ಸಿಕ್ಕ ಜೋಳ, ಮೆಕ್ಕೆಜೋಳ ತಿಂದವರಿಗೆ ಹೊಟ್ಟೆನೋವು, ಹೊಟ್ಟೆಯಲ್ಲಿ ಗುಡುಗುಡು ಸದ್ದು, ಭೇದಿ ಶುರುವಾಯಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು 50 ಹಳ್ಳಿಗಳನ್ನು ಸುತ್ತಿದರು. 27 ಹಳ್ಳಿಗಳಲ್ಲಿ ಕಾಯಿಲೆ ಇತ್ತು. ಮಳೆಯಲ್ಲಿ ಕೆಟ್ಟ ಕಾಳು ತಿಂದ ಮನೆಗಳಿಗಷ್ಟೇ ಅದು ಬಂದಿತ್ತು, ಒಳ್ಳೆಯ ಕಾಳು ತಿಂದ ಪಕ್ಕದ ಮನೆಗೆ ಬಂದಿರಲಿಲ್ಲ. ಕಾಳಿನಲ್ಲಿ ಸಿಕ್ಕದ್ದು ಫ್ಯುಮೋನಿಸಿನ್. ಬಿಸಿ ರೊಟ್ಟಿ ಮಾಡಿದರೆ ಬೂಸ್ಟು ಸತ್ತುಹೋಗುತ್ತದೆ ಎಂದು ನೀನು ಹೇಳಬಹುದು. ಶಿಲೀಂಧ್ರ ಸಾಯುತ್ತದೆ, ಅದು ಬಿಟ್ಟ ವಿಷ ನಮ್ಮ ಒಲೆಯ ಬೆಂಕಿಗೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ.

ಸಜ್ಜೆಯ ಕಥೆಯೂ ಇದೇ. ಹೂ ಬಿಡುವ ಹೊತ್ತಿಗೆ ಮೋಡ ಕವಿದು ಜಿಟಿಜಿಟಿ ಹಿಡಿದರೆ ತೆನೆಯಿಂದ ಅಂಟಂಟು ಜೇನಿನಂಥ ರಸ ಒಸರುತ್ತದೆ, ಆಮೇಲೆ ಕಾಳಿನ ಜಾಗದಲ್ಲಿ ಕಂದುಗಪ್ಪು ಗಟ್ಟಿ ತುಣುಕು ಉಳಿಯುತ್ತದೆ. ಅದೇ ಅರ್ಗಟ್. ಹಿಟ್ಟಿನಲ್ಲಿ ಅದು ಸೇರಿದರೆ ವಾಕರಿಕೆ, ವಾಂತಿ, ತಲೆಸುತ್ತು, ತೂಕಡಿಕೆ. ಸಜ್ಜೆಯನ್ನು ಉಪ್ಪುನೀರಿಗೆ ಹಾಕಿ ನೋಡುವ ಉಪಾಯ ಹಳೆಯದು, ವಿಜ್ಞಾನಿಗಳೂ ಒಪ್ಪಿದ್ದು. ಹತ್ತು ಲೀಟರ್ ನೀರಿಗೆ ಎರಡು ಕಿಲೋ ಉಪ್ಪು ಕರಗಿಸಿ ಕಾಳು ಸುರಿದು ಕೈಯಾಡಿಸಿದರೆ ಹಗುರವಾದ ಅರ್ಗಟ್ ತುಣುಕು, ಜೊಳ್ಳು ಮೇಲೆ ತೇಲುತ್ತವೆ. ತೇಲಿದ್ದನ್ನು ತೆಗೆದು, ಮುಳುಗಿದ ಕಾಳನ್ನು ಮೂರುನಾಲ್ಕು ಸಲ ಒಳ್ಳೆಯ ನೀರಿನಲ್ಲಿ ತೊಳೆದು ಬಿಸಿಲಿಗೆ ಹರವಬೇಕು.

ಕಾಲುವೆ ನೀರು ಬಂದ ಮೇಲೆ ಭತ್ತಕ್ಕೆ ಹೊರಳಿದವರ ಗದ್ದೆಯಲ್ಲಿ ಇನ್ನೊಂದು ಬಣ್ಣ ಕಾಣುತ್ತದೆ. ತೆನೆಯಲ್ಲಿ ಅಲ್ಲಲ್ಲಿ ಕಿತ್ತಳೆ ಬಣ್ಣದ ಮಖಮಲ್ಲಿನ ಗುಂಡು, ಆಮೇಲೆ ಅದೇ ಹಸಿರುಗಪ್ಪಾಗುತ್ತದೆ. ಇದು ಕಾಣಿಸಿಕೊಂಡ ವರ್ಷ ಫಸಲು ಚೆನ್ನಾಗಿ ಬರುತ್ತದೆಂದು ತಮಿಳುನಾಡಿನ ಕಡೆ ಇದಕ್ಕೆ ಲಕ್ಷ್ಮಿಯ ಹೆಸರನ್ನೇ ಇಟ್ಟಿದ್ದಾರೆ. ಮಳೆ, ತೇವ, ಗೊಬ್ಬರ ಹೆಚ್ಚಾದ ವರ್ಷ ಭತ್ತವೂ ಹುಲುಸು, ಈ ರೋಗವೂ ಹುಲುಸು. ಒಂದರಿಂದ ಇನ್ನೊಂದು ಬಂದದ್ದಲ್ಲ. ಆ ಗುಂಡಿನಲ್ಲಿ ವಿಷ ಇದೆ. ಹೆಸರು ಲಕ್ಷ್ಮಿ ಎಂದಾದರೂ ಅದು ಅಡುಗೆಮನೆಗೆ ಬರಬಾರದು.

ಹಾಗಾದರೆ ವಿಷದಿಂದ ಒಳ್ಳೆಯದೇ ಆಗುವುದಿಲ್ಲವೇ ಎಂದರೆ, ಆಗುತ್ತದೆ. ಯುರೋಪಿನ ರೈ ಧಾನ್ಯಕ್ಕೆ ಹತ್ತುವ ಅರ್ಗಟ್ ಅಲ್ಲಿನ ಹಳ್ಳಿಗಳಲ್ಲಿ ಶತಮಾನಗಟ್ಟಲೆ ಕೈಕಾಲು ಕೊಳೆಸಿ ಜನರನ್ನು ಕೊಂದಿತ್ತು. ಅದೇ ತುಣುಕಿನಿಂದ 1935ರಲ್ಲಿ ಎರ್ಗೊಮೆಟ್ರಿನ್ ಎಂಬ ಔಷಧಿಯನ್ನು ಬೇರ್ಪಡಿಸಿದರು. ಹೆರಿಗೆಯಾದ ಮೇಲೆ ರಕ್ತ ನಿಲ್ಲದೆ ಹೋದಾಗ ಗರ್ಭಕೋಶವನ್ನು ಬಿಗಿಸಿ ಬಾಣಂತಿಯ ಜೀವ ಉಳಿಸುವ ಇಂಜೆಕ್ಷನ್‌ಗಳು ಆ ಮನೆತನದವೇ. ಆದರೆ ಪ್ರಮಾಣ ನೋಡು, ಒಂದು ಮಿಲಿಗ್ರಾಮಿನ ಐದನೆಯ ಒಂದು ಭಾಗದಷ್ಟು. ಬಿಪಿ ಹೆಚ್ಚಿದ್ದ ತಾಯಿಗೆ ಅದನ್ನು ಕೊಡುವಂತಿಲ್ಲ. ನಮ್ಮ ಸಜ್ಜೆಯ ಅರ್ಗಟ್ಟಿನಲ್ಲಿ ಇರುವುದು ಬೇರೆ ಗುಂಪಿನ ರಾಸಾಯನಿಕ, ಅದರಿಂದ ಆ ಕೆಲಸವೂ ಆಗದು. ಒಂದೇ ಹೆಸರಿನ ಎರಡು ರೋಗಗಳ ಗುಣವೇ ಇಷ್ಟು ಬೇರೆಯಾದರೆ, ಮೆಕ್ಸಿಕೋದ ಮಾತನ್ನು ಮೊಬೈಲಿನಿಂದ ಎತ್ತಿ ನಮ್ಮ ಹೊಲಕ್ಕೆ ಅಂಟಿಸುವುದು ಹೇಗೆ?

ಈಗ ನನ್ನ ಕಿವಿಮಾತಿನ ತಿರುಳು ಹೇಳುತ್ತೇನೆ. ನೊಗಕ್ಕೆ ಪಳಗಿದ ಎತ್ತು ಬೇರೆ, ಬೀದಿಯ ಗೂಳಿ ಬೇರೆ. ಮನುಷ್ಯರು ತಲೆಮಾರುಗಟ್ಟಲೆ ಒಂದೇ ಗಿಡ, ಒಂದೇ ಶಿಲೀಂಧ್ರ, ಒಂದೇ ಹದ ಎಂದು ಆರಿಸಿ ತಿಂದು ಪಳಗಿಸಿದ್ದು ಆಹಾರ. ಕರೆಯದೆ ಬಂದು ಕಾಳಿನ ಮೇಲೆ ಕೂತದ್ದು ರೋಗ. ಎರಡೂ ಕಪ್ಪಗೇ ಇರಬಹುದು, ಎರಡಕ್ಕೂ ಕಾಡಿಗೆ ಎನ್ನಬಹುದು. ಶಿಲೀಂಧ್ರ ಹತ್ತಿದ್ದನ್ನು ಯಾರಾದರೂ ಒಳ್ಳೆಯದೆಂದು ಕೊಟ್ಟರೆ ನಾಲ್ಕು ಪ್ರಶ್ನೆ ಕೇಳು. ಯಾವ ಗಿಡ? ಯಾವ ಶಿಲೀಂಧ್ರ? ಯಾವ ಹದ? ಯಾವ ಊರಿನ ಜನ ಇದನ್ನು ತಲೆಮಾರುಗಳಿಂದ ತಿಂದಿದ್ದಾರೆ? ನಾಲ್ಕಕ್ಕೂ ಸರಿಯಾದ ಉತ್ತರ ಸಿಕ್ಕರೆ ಮುಂದಿನ ಮಾತು. ಒಂದಕ್ಕೆ ಉತ್ತರ ತೊದಲಿದರೂ ತಟ್ಟೆ ಸರಿಸು. ಎಂದಾದರೂ ಇಂಫಾಲಕ್ಕೆ ಹೋದರೆ ಕಂಬೋಂಗಿನ ಸಿಂಗ್ಜುವನ್ನು ಧಾರಾಳವಾಗಿ ತಿನ್ನು, ನಾಲ್ಕೂ ಪ್ರಶ್ನೆಗೆ ಅಲ್ಲಿನ ಸಂತೆಯ ತಾಯಂದಿರ ಹತ್ತಿರ ಉತ್ತರ ಇದೆ.

ಇನ್ನು ಮನೆಯಲ್ಲಿ ಮಾಡಬೇಕಾದ್ದು. ಹಿಂಗಾರಿಯ ಮಾಲ್ದಂಡಿ ಜೋಳಕ್ಕೆ ಬೂಸ್ಟಿನ ಕಾಟ ಕಡಿಮೆ, ಯಾಕೆಂದರೆ ಅದು ಒಣ ಹವೆಯಲ್ಲಿ ಮಾಗುತ್ತದೆ. ಮುಂಗಾರಿ ಜೋಳ ಮಾಗುವ ಹೊತ್ತಿಗೆ ಮಳೆ ಇನ್ನೂ ಬೆನ್ನು ಬಿಟ್ಟಿರುವುದಿಲ್ಲ, ಅದಕ್ಕೇ ಅದು ಕಪ್ಪಾಗುತ್ತದೆ. ಉಪಾಯ ಕಾಳಿನಲ್ಲೇ ಬರೆದಿದೆ. ತೆನೆಯ ನಡುಭಾಗದ ಒಂದು ಕಾಳು ಕಿತ್ತು, ತೊಟ್ಟಿಗೆ ಅಂಟಿದ್ದ ತುದಿಯನ್ನು ಉಗುರಿನಿಂದ ಒರೆಸಿ ನೋಡು. ಅಲ್ಲೊಂದು ಸಣ್ಣ ಕರಿ ಚುಕ್ಕೆ ಮೂಡಿದ್ದರೆ ಗಿಡದಿಂದ ಕಾಳಿಗೆ ಹೋಗುವ ದಾರಿ ಮುಚ್ಚಿತು, ಕಾಳು ಬಲಿತಿತು ಎಂದರ್ಥ. ಇದು ರೋಗದ ಕಪ್ಪಲ್ಲ, ಬಲಿತ ಗುರುತು. ಚುಕ್ಕೆ ಕಂಡ ಮೇಲೆ ಹೊಲದಲ್ಲಿ ನಿಲ್ಲಿಸಿಕೊಂಡರೆ ಕಾಳಿನ ತೂಕ ಏರುವುದಿಲ್ಲ, ಮಳೆಗೆ ಸಿಗುವ ಅಪಾಯ ಏರುತ್ತದೆ. ಮೋಡದ ಲಕ್ಷಣ ಇದ್ದರೆ ಕೊಯ್ದು, ತೆನೆಯನ್ನು ಸೂರಿನಡಿ ಗಾಳಿಯಾಡುವಂತೆ ಹರವಿ ಒಣಗಿಸು.

ರಾಶಿ ಮಾಡಿದ ಮೇಲೆ ಕಾಳು ಹಲ್ಲಿಗೆ ಕಟ್ಟನೆ ಮುರಿಯಬೇಕು, ಮೆತ್ತಗೆ ಒತ್ತಿಕೊಂಡರೆ ಇನ್ನೂ ಬಿಸಿಲು ಬೇಕು. ಶೇಕಡಾ 12ಕ್ಕಿಂತ ಹೆಚ್ಚು ತೇವ ಉಳಿಯದಂತೆ ನೋಡಿಕೊಂಡರೆ ಬೂಸ್ಟಿಗೆ ಅಲ್ಲಿ ಬದುಕಿಲ್ಲ. ಮಣ್ಣಿನ ನೆಲದ ಮೇಲೆ ಚೀಲ ಪೇರಿಸಬೇಡ, ಹಲಗೆ ಹಾಕು, ಗೋಡೆಯಿಂದ ಗೇಣು ದೂರ ಇರಲಿ. ನಮ್ಮ ಹಿರಿಯರು ಕಾಳು ತುಂಬಿಟ್ಟ ನೆಲದೊಳಗಿನ ಹಗೇವು ತೆಗೆದಾಗ ಎರಡು ನೇಮ ತಪ್ಪಿಸುತ್ತಿರಲಿಲ್ಲ. ಬಾಯಿ ತೆರೆದ ಕೂಡಲೇ ಯಾರೂ ಇಳಿಯುವಂತಿರಲಿಲ್ಲ, ಒಳಗೆ ಉಸಿರುಗಟ್ಟಿಸುವ ಗಾಳಿ ತುಂಬಿರುತ್ತದೆ. ದೀಪ ಇಳಿಬಿಟ್ಟು ಆರುವುದಿಲ್ಲ ಎಂದು ಕಂಡ ಮೇಲೆಯೇ ಮನುಷ್ಯ ಇಳಿಯಬೇಕು. ಎರಡನೆಯದು, ಗೋಡೆಗೆ ತಾಗಿ ನೀರು ಹೀರಿದ ಕಾಳನ್ನು ನಡುವಿನ ಒಳ್ಳೆಯ ಕಾಳಿನ ಜೊತೆ ಬೆರೆಸುತ್ತಿರಲಿಲ್ಲ. ಈಗ ಹಗೇವು ಅಪರೂಪವಾದರೂ ಎರಡನೆಯ ನೇಮ ಚೀಲಕ್ಕೂ ಸಲ್ಲುತ್ತದೆ. ಕೆಟ್ಟ ಕಾಳನ್ನು ಒಳ್ಳೆಯದರಲ್ಲಿ ಬೆರೆಸಿ ತೂಕ ಮಾಡುವವನು ಮೊದಲು ತನ್ನ ಮಕ್ಕಳ ಗಂಗಾಳಕ್ಕೆ ಮೋಸ ಮಾಡುತ್ತಾನೆ.

ಶೇಂಗಾ ಸುಲಿಯುವಾಗ ಮುರುಟಿದ, ಬಣ್ಣಗೆಟ್ಟ, ಕಹಿಯಾದ ಬೀಜವನ್ನು ಬೇರೆ ಇಡು. ಒಂದು ಕಹಿ ಬೀಜ ಬಾಯಿಗೆ ಬಂದರೆ ಉಗಿ, ನಾಚಿಕೆ ಬೇಡ. ಮನುಷ್ಯರು ತಿನ್ನದ್ದು ದನಕ್ಕಿರಲಿ ಎನ್ನುವ ರೂಢಿಯನ್ನೂ ಬಿಡು. ಬೂಸ್ಟು ಹಿಡಿದ ಹಿಂಡಿ, ಕಾಳು ತಿಂದ ಎಮ್ಮೆಯ ಹಾಲಿನಲ್ಲಿ ಅಫ್ಲಾಟಾಕ್ಸಿನ್ನಿನ ಒಂದು ರೂಪ ಇಳಿಯುತ್ತದೆ. ಗೋದಲಿಗೆ ಹಾಕಿದ ವಿಷ ಚಹಾದ ಬಟ್ಟಲಿಗೆ ಮರಳುತ್ತದೆ.

ಸತ್ವದ ಆಸೆಯಿಂದ ಕಪ್ಪು ತೆನೆಯ ಕಡೆ ನೋಡಿದೆಯಲ್ಲ, ಆ ಸತ್ವ ನಮ್ಮ ಗಂಗಾಳದಲ್ಲೇ ಇದೆ. ಜೋಳದಲ್ಲಿ ಕೊರತೆಯಾದ ಲೈಸಿನ್ ತೊಗರಿಯಲ್ಲಿ ಧಾರಾಳ. ತೊಗರಿಯಲ್ಲಿ ಕೊರತೆಯಾದ ಮೆಥಿಯೊನಿನನ್ನು ಜೋಳ ತುಂಬುತ್ತದೆ. 2019ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ಪಡೆದ ಕಲಬುರಗಿ ತೊಗರಿ ನಮ್ಮ ಪಕ್ಕದ ಮನೆಯದ್ದು. ರೊಟ್ಟಿ, ತೊಗರಿ ಬೇಳೆ, ಪುಂಡಿ ಪಲ್ಯ, ಮೇಲೊಂದು ಮಜ್ಜಿಗೆ. ವಿಟ್ಲಾಕೋಚೆಯನ್ನು ಹೊಗಳುವ ವಿಜ್ಞಾನಿ ಏನೇನು ಎಣಿಸುತ್ತಾನೋ ಅದರ ಬಹುಪಾಲು ಈ ಊಟದಲ್ಲಿದೆ.

ಶಿಲೀಂಧ್ರದ್ದೇ ಸತ್ವ ಬೇಕೆಂದರೂ ದಾರಿ ಇದೆ. ಚಿಪ್ಪಣಬೆ ಬೆಳೆ. ಭತ್ತದ ಹುಲ್ಲು, ಜೋಳದ ಕಣಿಕೆ ನಮ್ಮಲ್ಲಿ ಬೇಕಾದಷ್ಟಿದೆ. ಎರಡು ಮೂರು ಅಂಗುಲಕ್ಕೆ ಕತ್ತರಿಸಿ, ರಾತ್ರಿ ನೆನೆಸಿ, ಬಿಸಿನೀರಿನಲ್ಲಿ ಹದ ಮಾಡಿ, ಆರಿದ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಪದರ ಪದರವಾಗಿ ಅಣಬೆ ಬೀಜ ಹಾಕಿ ಕತ್ತಲ ಕೋಣೆಯಲ್ಲಿಡು. ಎರಡು ಮೂರು ವಾರದಲ್ಲಿ ಚೀಲವೆಲ್ಲ ಬೆಳ್ಳಗಾಗುತ್ತದೆ, ಆಮೇಲೆ ಗಾಳಿ, ತೇವ ಕೊಟ್ಟರೆ ಅಣಬೆ ಏಳುತ್ತದೆ. ಅಂಚು ಮೇಲಕ್ಕೆ ಸುರುಳಿಯಾಗುವ ಮೊದಲೇ ಕೀಳು. ತಡಮಾಡಿದರೆ ಅದರ ಕಣವೂ ಕೆಮ್ಮು ತರುತ್ತದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಅಣಬೆಗೆಂದೇ ವಿಭಾಗ ಇದೆ. ಬೀಟಾ ಗ್ಲೂಕಾನ್, ನಾರು, ಲೈಸಿನ್ ಎಲ್ಲವೂ ಇದರಲ್ಲಿವೆ. ಯಾವ ಗಿಡ, ಯಾವ ಶಿಲೀಂಧ್ರ, ಯಾವ ಹದ ಎಂಬ ಪ್ರಶ್ನೆಗೆ ನೀನೇ ಉತ್ತರ ಹೇಳಬಲ್ಲೆ. ಮಳೆಗೆ ಬದುವಿನಲ್ಲಿ ತಾನಾಗಿ ಎದ್ದ ಅಣಬೆಯನ್ನು ಮಾತ್ರ ಗುರುತು ಬಲ್ಲ ಹಿರಿಯರಿಲ್ಲದೆ ಮುಟ್ಟಬೇಡ.

ಅನುಮಾನ ಬಂದರೆ ಕೇಳುವ ಜಾಗಗಳು ದೂರವಿಲ್ಲ. ನಮ್ಮ ತಾಲ್ಲೂಕಿನ ಕವಡಿಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ಭೀಮರಾಯನಗುಡಿಯಲ್ಲಿ ಕೃಷಿ ಕಾಲೇಜು ಇದೆ, ಎರಡೂ ರಾಯಚೂರು ಕೃಷಿ ವಿಶ್ವವಿದ್ಯಾಲಯದವು. ಕೆಟ್ಟ ತೆನೆಯನ್ನು ಕಾಗದದ ಚೀಲದಲ್ಲಿ ಸುತ್ತಿ ಒಯ್ದು ತೋರಿಸು. ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ಬೆವರಿ ದಾರಿಯಲ್ಲೇ ಬೇರೆ ಬೂಸ್ಟು ಬೆಳೆಯುತ್ತದೆ. ತಿಂದ ಮೇಲೆ ಮನೆಯ ಇಬ್ಬರು ಮೂವರಿಗೆ ಒಟ್ಟಿಗೇ ಹೊಟ್ಟೆನೋವು, ವಾಂತಿ, ತಲೆಸುತ್ತು ಬಂದರೆ ದೃಷ್ಟಿ ತೆಗೆಯುತ್ತ ಕೂರಬೇಡ. ದವಾಖಾನೆಗೆ ಹೋಗು, ಉಳಿದ ಹಿಟ್ಟನ್ನೂ ಜೊತೆಗೆ ಒಯ್ಯಿ.

ಇನ್ನು ಈ ಸಲದ ಕೆಲಸ. ಹೊಲದಲ್ಲಿ ಕಾಡಿಗೆ ತೆನೆ ಕಂಡರೆ ಪೊರೆ ಒಡೆಯುವ ಮೊದಲೇ ಬಟ್ಟೆಯ ಚೀಲವನ್ನು ತೆನೆಗೆ ತೊಡಿಸಿ ಮುರಿದು, ಹೊಲದಾಚೆ ಸುಟ್ಟುಬಿಡು. ಬದುವಿಗೆ ಎಸೆದರೆ ಗಾಳಿ ಅದನ್ನು ಮುಂದಿನ ವರ್ಷದ ಬೆಳೆಗೆ ತಲುಪಿಸುತ್ತದೆ. ಬಿತ್ತುವ ಮುನ್ನ ಜೋಳದ ಬೀಜಕ್ಕೆ ಕಿಲೋಗೆ 4 ಗ್ರಾಂ ಗಂಧಕದ ನಯಪುಡಿ ಸವರು, ಕಾಳು ಕಾಡಿಗೆ ಅಲ್ಲಿಗೇ ನಿಲ್ಲುತ್ತದೆ. ದೂರದ ಊರಿನವರ ತಿನಿಸಿನ ಬಗ್ಗೆ ಕುತೂಹಲ ಇರಲಿ, ಗೌರವವೂ ಇರಲಿ. ಅವರು ಆ ತಿನಿಸನ್ನು ಕಂಡುಕೊಂಡದ್ದು ತಮ್ಮ ಹೊಲವನ್ನು ದಿಟ್ಟಿಸಿ ನೋಡಿ. ನೀನೂ ನಿನ್ನ ಹೊಲವನ್ನು ಅಷ್ಟೇ ದಿಟ್ಟಿಸಿ ನೋಡಿದರೆ, ಯಾವ ಕಪ್ಪು ಬಲಿತದ್ದು, ಯಾವ ಕಪ್ಪು ಕೆಟ್ಟದ್ದು ಎಂದು ಕೇಳಲು ಇನ್ನೊಬ್ಬರ ಬಳಿ ಹೋಗಬೇಕಾಗಿ ಬರುವುದಿಲ್ಲ.